ಯಾರೂ ಓದದ ಎರಡು ಸಾಲು

ಯಾವುದೇ ಜಾಲತಾಣದ ವಿಳಾಸ ಹಿಡಿದು ಅದರ ಕುಲಗೋತ್ರ ವಿಚಾರಿಸುವ ಪುಟಗಳು ಅಂತರ್ಜಾಲದಲ್ಲಿ ಇವೆ. ವಿಳಾಸವನ್ನು ಯಾವಾಗ ಕೊಂಡರು, ಅದರ ಆಯುಷ್ಯ ಎಷ್ಟು ಎಂಬ ಜಾತಕವೆಲ್ಲ ಅಲ್ಲಿ ಸಿಗುತ್ತದೆ. ಎಲ್ಲ ಮುಗಿದ ಮೇಲೆ, ಮದುವೆಯ ಕರೆಯೋಲೆಯ ತಳದಲ್ಲಿ ಮುದ್ರಣಾಲಯದ ಹೆಸರು ಇರುವ ಹಾಗೆ, ಸಣ್ಣಕ್ಷರದ ಎರಡು ಸಾಲು: ನೇಮ್ ಸರ್ವರ್ ಒಂದು, ನೇಮ್ ಸರ್ವರ್ ಎರಡು. ಆ ಎರಡು ಸಾಲನ್ನು ಓದುವವರು ಈ ಭೂಮಂಡಲದಲ್ಲಿ ಯಾರೂ ಇಲ್ಲ. ಆ ಸಾಲುಗಳಲ್ಲಿ ನನ್ನ ಹೆಸರು ಬರಬೇಕೆಂದು ಹಟ ಹಿಡಿದು, ಬಂದ ಹೆಸರನ್ನು ನೋಡಿ ನಾನೊಬ್ಬನೇ ಪುಳಕಗೊಂಡು, ಆ ಪುಳಕದ ಗಲಾಟೆಯಲ್ಲಿ ನಿಜವಾಗಿ ಹೆಸರು ಬರಬೇಕಾಗಿದ್ದ ಒಂದು ಹಲಸಿನ ಮರಕ್ಕೆ ಅದು ಬಾರದ ಹಾಗೆ ನೋಡಿಕೊಂಡ ಮಹಾಪುರುಷ ನಾನು. ಮೊದಲೇ ಹೇಳಿಬಿಟ್ಟರೆ ನಿಮಗೂ ಹಗುರ, ನನಗೂ ಹಗುರ ಎಂದು ಹೇಳುತ್ತಿದ್ದೇನೆ. ನನಗೆ ಹಗುರಾದ ಹಾಗೆ ಕಾಣುವುದಿಲ್ಲ.

ನೇಮ್ ಸರ್ವರ್ ಎಂದರೇನೆಂದು ಗೊತ್ತಿಲ್ಲದವರು ಗಾಬರಿ ಬೀಳಬೇಡಿ, ನೀವು ಅದರ ಎದುರು ಎಷ್ಟೋ ಸಲ ನಿಂತಿದ್ದೀರಿ. ಶಿರ್ತಾಡಿಯಲ್ಲಿ ಬಸ್ಸಿಳಿದು ಒಬ್ಬರ ಮನೆ ಹುಡುಕಬೇಕಾದರೆ ಎಂತ ಮಾಡುತ್ತೀರಿ? ಮನೆಗೆ ನಂಬರು ಇರುತ್ತದೆ, ಆದರೆ ಅದು ಪಂಚಾಯತಿಗೂ ಪರಮಾತ್ಮನಿಗೂ ಮಾತ್ರ ಗೊತ್ತು. ಹಾಗಾಗಿ ಸ್ಟಾಪಿನ ಎದುರಿನ ಅಂಗಡಿಗೆ ಹೋಗಿ, ಮುಖದಾಕ್ಷಿಣ್ಯಕ್ಕೆ ಎರಡು ಬಾಳೆಹಣ್ಣು ತೆಗೆದುಕೊಂಡು, “ಇಂಥವರ ಮನೆ ಎಲ್ಲಿ?” ಎನ್ನುತ್ತೀರಿ. ಅಂಗಡಿಯವರು ತಲೆ ಎತ್ತದೆ ದಾರಿ ಹೇಳುತ್ತಾರೆ. “ಅವರಿಗೆ ಒಂದು ಕಾಗದ ಕೊಡ್ಲಿಕ್ಕಿತ್ತು” ಎಂದರೆ, “ಅದನ್ನು ಹಾಲಿನ ಡೈರಿಯಲ್ಲಿ ಕೊಡಿ, ಸಂಜೆ ಕೊಂಡು ಹೋಗ್ತಾರೆ” ಎಂದು ಅದನ್ನೂ ಹೇಳುತ್ತಾರೆ. ಆ ಅಂಗಡಿಯವರೇ ನೇಮ್ ಸರ್ವರ್. ಹೆಸರು ಕೇಳಿದವರಿಗೆ ಮನೆ ತೋರಿಸುವುದು ಒಂದು ಕೆಲಸ, ಕಾಗದ ಎಲ್ಲಿ ಕೊಡಬೇಕೆಂದು ಹೇಳುವುದು ಇನ್ನೊಂದು ಕೆಲಸ. ಎರಡು ಕೆಲಸ ಎಂಬುದನ್ನು ದಯವಿಟ್ಟು ನೆನಪಿಡಿ. ನಾನು ಮರೆತೆ.

ಇನ್ನು ನನ್ನ ಕುಲಗೋತ್ರ. ಹೆಸರು ಸುಕೇಶ, ಮನೆ ಬಂಟ್ವಾಳ, ಅಂಗಡಿ ಮೂಡುಬಿದಿರೆಯಲ್ಲಿ. ಹಗಲಿಗೆ ಜಾಲತಾಣ ಕಟ್ಟಿಕೊಡುವುದು ಕಸುಬು, ಮದುವೆಯ ಸೀಸನ್ನಿನಲ್ಲಿ ಮಿಮಿಕ್ರಿ ಉಪಕಸುಬು. ಸಿದ್ದಕಟ್ಟೆ ರೂಟಿನ ಕಂಡಕ್ಟರು, ಮೈಕಿನ ಮುಂದೆ ನಿಂತರೆ ಗಂಟಲು ಕೆರೆದುಕೊಳ್ಳುವುದರಲ್ಲೇ ಅರ್ಧ ಭಾಷಣ ಮುಗಿಸುವ ಮುಖ್ಯ ಅತಿಥಿ, ಊಟದ ಪಂಕ್ತಿಯಲ್ಲಿ “ಬಡಿಸಿ, ಬಡಿಸಿ” ಎಂದು ತಾನು ಬಡಿಸದೆ ಓಡಾಡುವ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಈ ಚಟ ಹೈಸ್ಕೂಲಿನದು. ಬಾರದ ಹುಡುಗರ ಪರವಾಗಿ ಅವರವರದೇ ಸ್ವರದಲ್ಲಿ “ಹಾಜರ್ ಸಾರ್” ಎನ್ನುವ ಸಮಾಜಸೇವೆಯನ್ನು ನಾನು ನಿಸ್ಪೃಹವಾಗಿ ಮಾಡುತ್ತಿದ್ದೆ. ಒಮ್ಮೆ ಊರಿನ ಕಂಬಳದ ದಿನ ಅರ್ಧ ಕ್ಲಾಸು ಖಾಲಿ. ಒಂದರ ಹಿಂದೆ ಒಂದು ಸ್ವರ ಬದಲಿಸಿ ಉತ್ತರಿಸುತ್ತಿದ್ದ ನನಗೆ ಕೊನೆಯಲ್ಲಿ “ಸುಕೇಶ” ಎಂದು ಕರೆದಾಗ ಯಾವ ಸ್ವರ ತೆಗೆಯಬೇಕೆಂದೇ ಹೊಳೆಯಲಿಲ್ಲ. ಮಾಸ್ಟ್ರು ಕನ್ನಡಕ ಕೆಳಗಿಳಿಸಿ, “ಬಾರದವರೆಲ್ಲ ಬಂದಿದ್ದಾರೆ, ಬಂದವನು ಮಾತ್ರ ಇಲ್ಲ” ಎಂದರು. ಕ್ಲಾಸು ನಕ್ಕಿತು, ನಾನೂ ನಕ್ಕೆ. ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ನನ್ನಂಥ ಸಣ್ಣ ಜಾಲಶಿಲ್ಪಿಗಳಿಗೆ ಸ್ವಂತ ಯಂತ್ರ ಎಲ್ಲಿಂದ ಬರಬೇಕು? ಎಲ್ಲೋ ದೂರದ ದೊಡ್ಡ ಕಂಪನಿಯ ಯಂತ್ರದಲ್ಲಿ ಮೂಲೆಯೊಂದನ್ನು ಗೇಣಿಗೆ ಹಿಡಿದು, ಅದರಲ್ಲಿ ಗಿರಾಕಿಗಳ ತಾಣಗಳನ್ನು ಕೂರಿಸುತ್ತೇವೆ. ಆಗ ಆ ಕೊನೆಯ ಎರಡು ಸಾಲುಗಳಲ್ಲಿ ಕಂಪನಿಯ ಹೆಸರು ಬರುತ್ತದೆ. ನನಗೆ ಅದು ಕಣ್ಣಿಗೆ ಬಿದ್ದ ಧೂಳಿನ ಹಾಗೆ ಆಗತೊಡಗಿತು. ಮನೆ ಕಟ್ಟಿದವನು ನಾನು, ದಾರಿ ತೋರಿಸುವ ಕೀರ್ತಿ ಬೇರೆಯವರಿಗೆ! ವಿಚಾರಿಸಿದರೆ ಇದಕ್ಕೂ ಮದ್ದು ಇತ್ತು. ಸ್ವಂತ ಹೆಸರಿನ ನೇಮ್ ಸರ್ವರ್ ಮಾಡಿಕೊಳ್ಳಬಹುದಂತೆ. ಯಂತ್ರ ಅದೇ, ಉತ್ತರ ಕೊಡುವ ಬುದ್ಧಿಯೂ ಅದೇ. ಹೆಸರು ಮಾತ್ರ ನನ್ನದು. ಬೇರೆಯವರ ಸ್ವರದಲ್ಲಿ ಮಾತಾಡಿ ಬೇಸತ್ತವನಿಗೆ, ಕೋಟಿಗಟ್ಟಲೆ ಬೆಲೆಬಾಳುವ ಯಂತ್ರವೊಂದು ತನ್ನ ಮಿಮಿಕ್ರಿ ಮಾಡುತ್ತದೆ ಎಂದರೆ ಬಿಡುವುದುಂಟೇ?

ಮಾಡಲು ಹೋದಾಗ ಮೊದಲ ಪ್ರಯತ್ನದಲ್ಲಿ ಏನೂ ತೆರೆಯಲಿಲ್ಲ. ಯಾಕೆಂದರೆ ನನ್ನ ಹೆಸರಿನ ಅಂಗಡಿ ಎಲ್ಲಿದೆ ಎಂದು ಹೇಳಬೇಕಾದವನೂ ನನ್ನ ಹೆಸರಿನ ಅಂಗಡಿಯವನೇ. ಸುಕೇಶ ಎಲ್ಲಿ ಸಿಗುತ್ತಾನೆ? ಸುಕೇಶನನ್ನು ಕೇಳಿ. ಈ ಚಕ್ರಬಡ್ಡಿಯಂಥ ಚಕ್ರವನ್ನು ಮುರಿಯಲು, ವಿಳಾಸ ಮಾರಿದವರ ಬಳಿ ಹೋಗಿ ಯಂತ್ರದ ಅಂಕಿವಿಳಾಸವನ್ನು, ಅಂದರೆ ಅದರ ಮನೆ ನಂಬರನ್ನು, ಮೊದಲೇ ಹೆಸರಿಗೆ ಅಂಟಿಸಿ ಬರಬೇಕು. ಕಸುಬಿನವರು ಅದನ್ನು ಗ್ಲೂ, ಎಂದರೆ ಅಂಟು ಎಂದೇ ಕರೆಯುತ್ತಾರೆ. ಅಂಟಿಸಿದೆ. ಎರಡು ನೇಮ್ ಸರ್ವರ್ ಕೊಡಬೇಕೆಂಬ ಶಾಸ್ತ್ರವಿರುವುದು ಒಂದು ಮಲಗಿದರೆ ಇನ್ನೊಂದು ಎದ್ದಿರಲಿ ಎಂದು. ನಾನು ಎರಡನ್ನೂ ಒಂದೇ ಯಂತ್ರಕ್ಕೆ ಅಂಟಿಸಿ, ಎದುರಿನ ಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಒಂದೇ ಬೀಗ ಹಾಕಿದ ಜಾಣನಾದೆ. ಆಮೇಲೆ ಗಿರಾಕಿಗಳ ತಾಣಗಳನ್ನು ಒಂದೊಂದಾಗಿ ನನ್ನ ಹೆಸರಿನ ಅಡಿಗೆ ತರತೊಡಗಿದೆ. ಮೊದಲು ತಂದದ್ದು, ಹೆಚ್ಚು ಸಲಿಗೆ ಇದ್ದದ್ದರಿಂದ, ವಾರಿಜಕ್ಕನ ನರ್ಸರಿಯದ್ದು.

ವಾರಿಜಕ್ಕನ ತವರು ಬಂಟ್ವಾಳದಲ್ಲಿ ನಮ್ಮ ನೆರೆಮನೆ; ಮದುವೆಯಾಗಿ ಹೋದದ್ದು ಶಿರ್ತಾಡಿಗೆ. ಅಲ್ಲಿ ಮನೆಯ ಬದಿಯ ಗುಡ್ಡೆಯನ್ನು ಸಮಮಾಡಿ ಹಸಿರು ಬಲೆ ಕಟ್ಟಿ ಕಾಳುಮೆಣಸು, ಹಲಸು, ಮಾವಿನ ಕಸಿ ಗಿಡ ಮಾಡಿ ಮಾರುತ್ತಾರೆ. ಕಸಿ ಕಟ್ಟುವಾಗ ಅವರ ಕೈ ನೋಡಬೇಕು, ಜಡೆ ಹಾಕಿದಷ್ಟು ಸಲೀಸು. ಅವರ ಅಮ್ಮ ಮುತ್ತಕ್ಕ ತವರುಮನೆಯ ಗೇಟಿನ ಪಕ್ಕ, ರಸ್ತೆಗೆ ಮುಖಮಾಡಿ, ಒಂದು ಹಲಸಿನ ಬೀಜ ಹಾಕಿದ್ದರಂತೆ. ಅದು ಬಕ್ಕೆ ಹಲಸು, ಎಂದರೆ ಸೊಳೆ ಗಟ್ಟಿ. ಅದರ ವಿಶೇಷ ಅದಲ್ಲ. ನಮ್ಮ ಕಡೆ ಒಂದು ಮಳೆ ಬಿತ್ತೆಂದರೆ ಹಲಸಿನ ಹಣ್ಣಿನ ಸಿಹಿಯೆಲ್ಲ ನೀರುಪಾಲು, ದನಕ್ಕೆ ಹಾಕುವುದೇ. ಮುತ್ತಕ್ಕನ ಮರದ ಹಣ್ಣು ಮಾತ್ರ ಜೂನ್ ತಿಂಗಳ ಮಳೆಯಲ್ಲಿ ನೆನೆದು ನಿಂತರೂ ಜೇನಿನ ಹಾಗೆ ಇರುತ್ತಿತ್ತು. ಆ ಹಣ್ಣು ತಿಂದು ಬೆಳೆದ ಗಂಟಲು ನನ್ನದು. ಕೋಳಿಯನ್ನು ಕರೆಯುವ ಮುತ್ತಕ್ಕನ ಸ್ವರವನ್ನು ಅವರೆದುರೇ ಅನುಕರಿಸಿದಾಗ ಅವರು ಬೈಯಲಿಲ್ಲ. “ಸ್ವರ ಕೊಂಡುಹೋದೆಯಲ್ಲ ಮಗಾ, ಹಾಗೇ ಈ ಸೊಂಟನೋವನ್ನೂ ಕೊಂಡುಹೋಗು” ಎಂದರು. ಅವರು ತೀರಿಕೊಂಡ ಮೇಲೆ ವಾರಿಜಕ್ಕನಿಗೆ ಒಂದೇ ಆಸೆ: ಆ ಮರವನ್ನು ಒಂದು ತಳಿಯೆಂದು ಸಂಬಂಧಪಟ್ಟವರು ಒಪ್ಪಬೇಕು, ಅದಕ್ಕೆ ಮುತ್ತಕ್ಕ ಎಂದು ಹೆಸರಾಗಬೇಕು. ಅವಸರಕ್ಕೆ ಕಾರಣವೂ ಇತ್ತು. ರಸ್ತೆ ಅಗಲವಾಗುತ್ತಿತ್ತು. ಮರದ ಸೊಂಟಕ್ಕೆ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಮಳೆಗಾಲದ ನಡುವೆ ಮಳೆ ಬಿಟ್ಟು ಹೊಳವು ಸಿಕ್ಕಿದರೂ ಕಡಿದೇ ಬಿಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ಬೆಳ್ತಂಗಡಿಯಲ್ಲಿ ಹಣ್ಣಿನ ಗಿಡಗಳ ಬಗ್ಗೆ ಒಂದು ತರಬೇತಿ ಇತ್ತು. ವಾರಿಜಕ್ಕನನ್ನು ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಅಲ್ಲಿ ಮಾತಾಡಲು ಬಂದಿದ್ದವರು ಹಲಸಿನ ತಳಿಗಳನ್ನು ಪರೀಕ್ಷಿಸುವ ಒಬ್ಬ ವಿಜ್ಞಾನಿ, ಉತ್ತರ ಕರ್ನಾಟಕದವರು. ಎಲ್ಲರೂ ಅವರನ್ನು ಹಲಸಿನ ಡಾಕ್ಟ್ರು ಎನ್ನುತ್ತಿದ್ದರು. ಇಬ್ಬರು ತಬ್ಬಿದರೂ ಸಾಲದ ಮರವನ್ನು ಅವರು ‘ಗಿಡ’ ಎನ್ನುವುದು ಕೇಳಿ ನನ್ನ ಕಿವಿ ನಿಮಿರಿತು. ವಾರಿಜಕ್ಕನ ಮಾತನ್ನು ಪೂರ್ತಿ ಕೇಳಿ ಅವರು, “ಮಳಿ ಹಿಡದ ಮ್ಯಾಲೂ ರುಚಿ ಇರ್ತದಂದ್ರ ಮಳಿಯಾಗ ಬಂದು ನೋಡಬೇಕ್ರಿ ಅಕ್ಕಾರ. ನಿಮ್ಮ ಕಡೆ ಬಂದಾಗ ಈ-ಮೇಲ್ ಮಾಡ್ತೀವಿ. ಹೂಂ ಅಂದ್ರ ಬರ್ತೀವಿ. ಗಿಡದ ಮ್ಯಾಲ ಹಣ್ಣು ಇರಬೇಕು ನೋಡ್ರಿ” ಎಂದರು. ವಾರಿಜಕ್ಕ ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದರು. ನಾನು ದಾರಿಯುದ್ದಕ್ಕೂ ಆ ಸ್ವರವನ್ನು ಬಾಯಿಪಾಠ ಮಾಡಿದೆ.

ಮುಂದಿನದನ್ನು ನೀವು ಊಹಿಸಿದ್ದೀರಿ. ಒಂದು ವಾರ ಕಳೆದು, ಪಕ್ಕದ ಅಂಗಡಿಯವರ ಫೋನಿನಿಂದ ಕರೆ ಮಾಡಿ, “ನಮಸ್ಕಾರ್ರಿ ಅಕ್ಕಾರ, ನಾ ಹಲಸಿನ ಡಾಕ್ಟರ್ ಮಾತಾಡಾಕತ್ತೀನ್ರಿ. ನಿಮ್ಮ ಗಿಡಕ್ಕ ಜ್ವರ ಬಂದದ ಅಂತ ಕೇಳಿದ್ವಿ” ಎಂದೆ. ವಾರಿಜಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಉತ್ತರಿಸಿದರೆಂದು ಆಮೇಲೆ ಅವರೇ ಹೇಳಿ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನನ್ನು ಕಸಿ ಕಟ್ಟಿ ಮಾರ್ತೇನೆ” ಎಂದು ಎಚ್ಚರಿಸಿದರು. ಮೆಚ್ಚುಗೆಯೆಂದು ತಿಳಿದು ನಾನು ಇನ್ನೊಮ್ಮೆ ಮಾಡಿದೆ. ಎರಡನೆಯ ಸಲ ಅವರು ಅರ್ಧದಲ್ಲೇ ಹಿಡಿದುಹಾಕಿದರು.

ನೇಮ್ ಸರ್ವರ್ ಬದಲಿಸುವ ಸುದ್ದಿ ವಾರಿಜಕ್ಕನ ಮಾವ ಸಂಕಪ್ಪಣ್ಣನ ಕಿವಿಗೆ ಬಿದ್ದದ್ದು ನನ್ನ ದುರದೃಷ್ಟ. ಅವರು ಬೋರ್‌ವೆಲ್ಲಿನ ಮೋಟಾರು ಬದಲಿಸುವುದಕ್ಕೂ ದಿನ ನೋಡುವವರು. “ಹೆಸರು ಬದಲಾಗುವುದು ಅಂದ್ರೆ ಹೊಸಮನೆ ಒಕ್ಕಲು ಇದ್ದ ಹಾಗೆ. ಆಟಿ ತಿಂಗಳು ಬಂದರೆ ಒಳ್ಳೆ ಕೆಲಸ ಯಾವುದೂ ಆಗ್ಲಿಕ್ಕಿಲ್ಲ. ಈ ಶುಕ್ರವಾರ ಮಾಡುವ” ಎಂದರು. ಬೇಡ ಎನ್ನುವ ಬದಲು, ಒಳ್ಳೆ ತಮಾಷೆ ಎಂದು ನಾನು ಕುಣಿದೆ. ಶುಕ್ರವಾರ ಹೋಗಿ ನೋಡಿದರೆ ಲ್ಯಾಪ್‌ಟಾಪಿಗೆ ಮಣೆ ಹಾಕಿ, ಎದುರು ದೀಪವಿಟ್ಟು, ತೆಂಗಿನಕಾಯಿ ಸುಲಿದು ಇಟ್ಟಾಗಿತ್ತು. ನೆರೆಯವರೂ ಬಂದಿದ್ದರು. ಅಷ್ಟು ಜನ ಕೂತಿರುವಾಗ ಸುಮ್ಮನೆ ಕೆಲಸ ಮಾಡಿ ಏಳುವ ಜಾತಿಯೇ ನನ್ನದು? ಪುರೋಹಿತರ ಮೂಗಿನ ಸ್ವರದಲ್ಲಿ ಸಂಕಲ್ಪ ಹೇಳಿದೆ, ಮುಖ್ಯ ಅತಿಥಿಯಾಗಿ ಗಂಟಲು ಕೆರೆದೆ, ಜನ ಬಿದ್ದು ಬಿದ್ದು ನಕ್ಕರು. ಮಧ್ಯೆ ಮಧ್ಯೆ ಹಳೆಯ ಅಂಗಡಿಯಲ್ಲಿ ಬರೆದಿಟ್ಟಿದ್ದ ದಾರಿಗಳನ್ನು ಹೊಸ ಅಂಗಡಿಗೆ ನಕಲು ಮಾಡುತ್ತಿದ್ದೆ. ಮನೆಯ ದಾರಿ ಆಯಿತು. ಕಾಗದದ ದಾರಿ, ಎಂದರೆ ಈ-ಮೇಲಿನದ್ದು, ಬಾಕಿ ಇತ್ತು. ಆಗ ಸಂಕಪ್ಪಣ್ಣ ಗಡಿಯಾರ ನೋಡಿ ಕೂಗಿದರು, “ದಾನೆ ಮಾರಾಯ, ಎಂತ ತಡ, ಹತ್ತೂವರೆಗೆ ರಾಹುಕಾಲ! ಒತ್ತು, ಒತ್ತು!”

ಒತ್ತಿದೆ. ಕಾಯಿ ಒಡೆಯಿತು, ಎರಡೂ ಹೋಳು ಅಂಗಾತ ಬಿದ್ದು ಶುಭಶಕುನವೂ ಆಯಿತು. ಸ್ವಲ್ಪ ಹೊತ್ತಿಗೆ ನರ್ಸರಿಯ ತಾಣ ಹೊಸ ದಾರಿಯಲ್ಲಿ ತೆರೆದುಕೊಂಡಿತು. ಮೊದಲ ಪುಟದಲ್ಲಿ ಮುತ್ತಕ್ಕನ ಮರದ ಚಿತ್ರ. ನಾನು ಮಾತ್ರ ಕುಲಗೋತ್ರದ ಪುಟ ತೆರೆದು, ತಳದ ಎರಡು ಸಾಲನ್ನು ಎಲ್ಲರಿಗೂ ತೋರಿಸಿದೆ. ಒಬ್ಬರೂ ಬಗ್ಗಿ ನೋಡಲಿಲ್ಲ. ಪಾಯಸ ಬಂದಿತ್ತು. ಪಾಯಸದ ನಂತರ ಇನ್ನೊಂದು ಆಟಕ್ಕೆ ಒತ್ತಾಯ ಬಂತು. ಬಾಕಿ ಉಳಿದ ದಾರಿ ಬಾಕಿಯೇ ಉಳಿಯಿತು.

ಈಗ ನೋಡಿ ವಿಧಿಯ ಹಾಸ್ಯಪ್ರಜ್ಞೆ. ಮನೆಯ ದಾರಿ ತಪ್ಪಿದ್ದರೆ ತಾಣ ತೆರೆಯದೆ ಸಂಜೆಯೊಳಗೆ ಬೊಬ್ಬೆ ಎದ್ದಿರುತ್ತಿತ್ತು. ಕಾಗದದ ದಾರಿ ತಪ್ಪಿದರೆ ಯಾರಿಗೂ ಕೇಳಿಸುವುದಿಲ್ಲ. ಬಾರದ ಈ-ಮೇಲಿಗೆ ಸ್ವರ ಎಲ್ಲಿದೆ? ಕಳಿಸಿದವರಿಗೆ ‘ತಲುಪಲಿಲ್ಲ’ ಎಂದು ಹಿಂತಿರುಗುತ್ತದೆ. ಪಡೆಯಬೇಕಾದವರು, ಇವತ್ತು ಯಾರೂ ಬರೆದಿಲ್ಲ ಎಂದು ಗಿಡಕ್ಕೆ ಮಣ್ಣು ತುಂಬುತ್ತ ಕೂತಿರುತ್ತಾರೆ.

ಮುಂದಿನ ವಾರದ ಮೊದಲಲ್ಲಿ ವಾರಿಜಕ್ಕ ಫೋನು ಮಾಡಿದರು. ಸ್ವರದಲ್ಲಿ ಗೆದ್ದ ಸಂಭ್ರಮ.

“ಈ ಸಲ ಹೇಗೆ ಹಿಡಿದೆ ನೋಡು! ‘ಗಿಡ ನೋಡಾಕ ಬಂದೀವ್ರಿ, ಬೆಳ್ತಂಗಡಿಯಾಗ ಅದೀವಿ’ ಅಂತೆ! ಸಾಕು ಮಾರಾಯ ನಿನ್ನ ನಾಟಕ ಅಂತ ಇಟ್ಟುಬಿಟ್ಟೆ. ಪುನಃ ಮಾಡಿದೆಯಲ್ಲ? ಸ್ಟೆತಸ್ಕೋಪ್ ತಗೊಂಡು ಬನ್ನಿ ಡಾಕ್ಟ್ರೇ, ಮರ ಕೆಮ್ತಾ ಉಂಟು ಅಂತ ಹೇಳಿದ್ದೇ, ಆಚೆ ಕಡೆ ಉಸಿರೇ ಇಲ್ಲ!”

ನಾನು ಕರೆ ಮಾಡಿರಲಿಲ್ಲ. ಅದಕ್ಕೆ ಹಿಂದಿನ ಎರಡು ದಿನವೂ ನಾನು ಒಂದು ಮದುವೆಯಲ್ಲಿ ಮುಖ್ಯ ಅತಿಥಿಯ ಗಂಟಲಿನಲ್ಲಿದ್ದೆ. “ಅದು ನಾನಲ್ಲ ಅಕ್ಕ” ಎಂಬ ಮೂರು ಶಬ್ದ ಸಾಕಿತ್ತು; ಅವರು ತಿರುಗಿ ಫೋನು ಮಾಡುತ್ತಿದ್ದರು, ಡಾಕ್ಟ್ರು ಇನ್ನೂ ಬೆಳ್ತಂಗಡಿಯಲ್ಲೇ ಇದ್ದರು, ಮರದ ಮೇಲೆ ಹಣ್ಣು ಇತ್ತು. ಆದರೆ ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ನನ್ನ ಗೆಳೆಯರಲ್ಲೇ ಯಾರೋ ನನ್ನ ಐಟಂ ಕದ್ದು ಅಕ್ಕನಿಗೆ ಕರೆ ಮಾಡಿದ್ದಾರೆ, ಅದೂ ಬಹಳ ಚೆನ್ನಾಗಿ ಮಾಡಿದ್ದಾರೆ. ಹಾಗಾದರೆ ಕೀರ್ತಿ ಅವರಿಗೆ ಯಾಕೆ ಹೋಗಬೇಕು? ಹೊಗಳಿಕೆ ಬಾಗಿಲಿಗೆ ಬಂದಾಗ ನೀನು ಯಾರ ಮನೆಗೆ ಹೊರಟದ್ದು ಎಂದು ವಿಚಾರಿಸುವುದು ಕಲಾವಿದನ ಧರ್ಮವಲ್ಲ.

“ಹೇಗೆ ಗೊತ್ತಾಯ್ತು ಅಕ್ಕ ನಾನೇ ಅಂತ?” ಎಂದೆ.

“ನಿಜವಾದ ಡಾಕ್ಟ್ರು ಈ-ಮೇಲ್ ಮಾಡ್ತೇನೆ ಅಂತಲ್ಲವಾ ಹೇಳಿದ್ದು? ಈ-ಮೇಲ್ ಬರದೆ ಫೋನು ಬಂದರೆ ಅದು ನೀನೇ” ಎಂದರು ವಾರಿಜಕ್ಕ. ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ನರ್ಸರಿಯ ಕಾರ್ಕಳದ ಗಿರಾಕಿಯೊಬ್ಬರು ವಾರಿಜಕ್ಕನಿಗೆ “ನಿಮಗೆ ಬರೆದದ್ದೆಲ್ಲ ವಾಪಸು ಬರ್ತದಲ್ಲ” ಎಂದು ದೂರು ಹೇಳಿದ ಮೇಲೆ ನಾನು ಹೋಗಿ ನೋಡಿದ್ದು. ಹೊಸ ಅಂಗಡಿಯಲ್ಲಿ ಕಾಗದದ ದಾರಿ ಬರೆಯಬೇಕಾದ ಜಾಗ ಖಾಲಿ ಇತ್ತು. ವಾರಿಜಕ್ಕನ ಹೆಸರಿಗೆ ಬಂದವರನ್ನೆಲ್ಲ ನನ್ನ ಹೆಸರಿನ ಅಂಗಡಿಯವನು ‘ಗೊತ್ತಿಲ್ಲ’ ಎಂದು ಹಿಂದೆ ಕಳಿಸುತ್ತಿದ್ದ. ತುಂಬಿಸಲು ಒಂದು ಲೋಟ ಚಹಾದ ಹೊತ್ತೂ ಬೇಕಾಗಲಿಲ್ಲ. ಚಹಾ ಮಾತ್ರ ಕುಡಿಯಲಾಗಲಿಲ್ಲ, ಯಾಕೆಂದರೆ ಆಗಲೇ ಆ ಫೋನಿನ ನೆನಪು ಬಂದಿತ್ತು.

ಡಾಕ್ಟರಿಗೆ ನಾನೇ ಕರೆ ಮಾಡಿದೆ. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ಸ್ವರವನ್ನು ಅದರ ಯಜಮಾನರ ಬಾಯಲ್ಲಿ ಕೇಳುವಾಗ, ಕದ್ದ ಅಂಗಿ ಹಾಕಿಕೊಂಡು ಅದರ ಒಡೆಯನ ಎದುರು ಕೂತ ಹಾಗಾಯಿತು. ಗಾಬರಿಗೆ ನನ್ನ ನಾಲಿಗೆ ತಾನಾಗಿ ಅವರ ಭಾಷೆಗೆ ಜಾರಿ, “ಹೌದ್ರಿ ಸರ್” ಎಂದುಬಿಟ್ಟಿತು. ಅಣಕಿಸುತ್ತಿದ್ದೇನೆ ಎಂದು ಅವರು ಅಂದುಕೊಂಡಿರಬೇಕು. ಆದರೂ, ಪುಣ್ಯಾತ್ಮರು, ಸಿಟ್ಟಿಲ್ಲದೆ ಹೇಳಿದರು:

“ಈ-ಮೇಲ್ ವಾಪಸ್ ಬಂತು. ಫೋನ್ ಮಾಡಿದ್ರ ನಾಟಕ ಸಾಕು ಅಂದ್ರು. ಇನ್ನೊಮ್ಮೆ ಮಾಡಿದ್ರ ಸ್ಟೆತಸ್ಕೋಪ್ ತರ್ರಿ ಅಂದ್ರು. ಅಲ್ರೀ ತಮ್ಮಾ, ನಾನು ನಾನೇ ಅಂತ ಹೆಂಗ ಸಿದ್ಧ ಮಾಡ್ಲಿ?”

ಅವರು ಅಲ್ಲಿಂದ ಬೇರೆ ಕಡೆಗೆ ಹೋಗಿ ಬೇರೆ ಮರಗಳನ್ನು ನೋಡಿ ಆ ವರ್ಷದ ಆಯ್ಕೆ ಮುಗಿಸಿದ್ದರು. ನಾನು ಬೇಡಿದೆ. “ಮುಂದಿನ ವರ್ಷ ಹಣ್ಣು ಬಂದಾಗ ಖಂಡಿತ ನೋಡೋಣು” ಎಂದರು. ಮುಂದಿನ ವರ್ಷ ಮರ ಇರುವುದಿಲ್ಲ ಎಂದೆ. ಕಸಿ ಗಿಡಗಳು ಇವೆಯಲ್ಲ ಎಂದು ಕೇಳಿದರು. ಇವೆ, ಮೊಣಕಾಲೆತ್ತರ ಇವೆ. ಅವು ಯಾವಾಗ ಕಾಯಿ ಬಿಟ್ಟು, ಯಾವಾಗ ಗುಣ ತೋರಿಸಿ, ಅಷ್ಟು ವರ್ಷದ ತಾಯಿಮರ ತೋರಿಸಬೇಕಾದದ್ದನ್ನು ತೋರಿಸುತ್ತವೆ? ಫೋನಿನ ಎರಡೂ ತುದಿಯಲ್ಲಿ ಮಳೆ ಕೇಳುತ್ತಿತ್ತು.

ಶಿರ್ತಾಡಿಗೆ ಹೋಗಿ ಹೇಳಬೇಕಾಯಿತು. ವಾರಿಜಕ್ಕ ಹಸಿರು ಬಲೆಯ ಕೆಳಗೆ ಕೂತು ಪ್ಯಾಕೆಟಿಗೆ ಮಣ್ಣು ತುಂಬುತ್ತಿದ್ದರು. ಸಂಕಪ್ಪಣ್ಣ ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ನಾನು ಯಾವ ಪೀಠಿಕೆಯೂ ಇಲ್ಲದೆ ಎಲ್ಲವನ್ನೂ ಹೇಳಿದೆ: ಕಾಗದದ ದಾರಿ, ಡಾಕ್ಟ್ರ ಫೋನು, ಎಲ್ಲ. ತಪ್ಪಾಯಿತು ಎಂದೆ. ನನ್ನ ಸ್ವಂತ ಸ್ವರದಲ್ಲಿ.

ಸಂಕಪ್ಪಣ್ಣ ಮೆಚ್ಚಿ ತಲೆದೂಗಿದರು. “ಲಾಯ್ಕುಂಟು. ಇದು ಯಾರ ಸ್ವರ ಮಾರಾಯ? ನಮ್ಮ ಊರಿನವರದ್ದಾ?”

ವಾರಿಜಕ್ಕ ಮಾತ್ರ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಗಿತ್ತು.

“ಅಂದ್ರೆ ಆ ದಿನ ಫೋನು ಮಾಡಿದ್ದು ನೀನಲ್ಲ.”

“ಅಲ್ಲ ಅಕ್ಕ.”

“ಮತ್ತೆ ನೀನೇ ಅಂತ ಹೇಳಿದ್ದು ಎಂತಕ್ಕೆ?”

ನೇಮ್ ಸರ್ವರ್ ತಪ್ಪಿದ್ದಕ್ಕೆ ನನ್ನ ಬಳಿ ರಾಹುಕಾಲದ ನೆಪವಿತ್ತು. ಇದಕ್ಕೆ ಏನೂ ಇರಲಿಲ್ಲ. ಅವರು ತುಂಬಿದ ಪ್ಯಾಕೆಟನ್ನು ಸಾಲಿನಲ್ಲಿಟ್ಟು ಇನ್ನೊಂದನ್ನು ಬಿಡಿಸಿದರು.

ಜುಲೈಯಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಮರ ಕಡಿದರು. ನಮ್ಮ ಮನೆಯ ಜಗಲಿಗೆ ಎಲ್ಲವೂ ಕಾಣುತ್ತಿತ್ತು. ಕೊನೆಯ ಹಣ್ಣೊಂದು ಮೇಲಿನ ಕೊಂಬೆಯಲ್ಲೇ ಇತ್ತು. ಬಿದ್ದು ಒಡೆದಾಗ ರಸ್ತೆಯವರೆಗೆ ಪರಿಮಳ. ಕೆಲಸದವರು ಗರಗಸ ಬದಿಗಿಟ್ಟು ತಿಂದರು. ಒಬ್ಬರು ಇನ್ನೊಬ್ಬರಿಗೆ, “ಇಷ್ಟು ಮಳೆಗೂ ಸಪ್ಪೆ ಆಗಿಲ್ಲ, ನೋಡು” ಎನ್ನುವುದು ಕೇಳಿತು. ಆ ಮರಕ್ಕೆ ಸಂದ ಪರೀಕ್ಷೆ ಅದೊಂದೇ. ವಾರಿಜಕ್ಕ ಶಿರ್ತಾಡಿಯಿಂದ ಚೀಲ ಹಿಡಿದು ಬಂದಿದ್ದರು. ಅಳಲಿಲ್ಲ. ಬಿದ್ದ ಕೊಂಬೆಗಳ ನಡುವೆ ಬಗ್ಗಿ, ಕಸಿಗೆ ಆಗುವಂಥ ಎಳೆ ಕಡ್ಡಿಗಳನ್ನು ಆರಿಸಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. ನಾನು ಚೀಲ ಹಿಡಿಯಲು ಹೋದೆ. ಕೊಡಲಿಲ್ಲ.

ಹೆಸರು ಎಂಬುದನ್ನು ನಾನು ಇಷ್ಟು ಕಾಲ ಫಲಕವೆಂದು ತಿಳಿದಿದ್ದೆ: ಬರೆಸಿ, ನೇತುಹಾಕಿ, ಕೆಳಗೆ ನಿಂತು ನೋಡಿಕೊಳ್ಳುವಂಥದ್ದು. ಅದು ಫಲಕವಲ್ಲವೆಂದು ಈಗ ಅನಿಸುತ್ತದೆ. ಯಾರೋ ಕರೆಯುತ್ತಾರೆ, ಕರೆದಾಗ ಸರಿಯಾದವರೇ ಓಗೊಡುತ್ತಾರೆ ಎಂಬ ಒಂದು ನಂಬಿಕೆ, ಅಷ್ಟೆ. ಡಾಕ್ಟ್ರು ಕರೆದಾಗ ವಾರಿಜಕ್ಕನ ಬದಲು ನನ್ನ ಅಂಗಡಿ ಓಗೊಟ್ಟಿತು. ವಾರಿಜಕ್ಕ ಕೇಳಿದಾಗ ಡಾಕ್ಟ್ರ ಬದಲು ನಾನು ಓಗೊಟ್ಟೆ. ಮಿಮಿಕ್ರಿ ಬಿಟ್ಟಿದ್ದೇನೆಂದು ಹೇಳಿದರೆ ನೀವು ನಂಬುವುದೂ ಬೇಡ. ಮದುವೆಗಳು ಬಂದಾಗ ಹೋಗುತ್ತೇನೆ, ಕಂಡಕ್ಟರನೂ ಮುಖ್ಯ ಅತಿಥಿಯೂ ಇದ್ದಾರೆ. ಡಾಕ್ಟ್ರ ಸ್ವರವನ್ನು ಮಾತ್ರ ತೆಗೆಯಲಾಗುವುದಿಲ್ಲ. ಯಾರಾದರೂ ಕೇಳಿದರೆ ಬರುವುದಿಲ್ಲ ಎನ್ನುತ್ತೇನೆ. ಬರುತ್ತದೆ.

ಆ ಎರಡು ಸಾಲುಗಳ ವಿಷಯ ಹೇಳಿ ಮುಗಿಸುತ್ತೇನೆ. ಏನಾದರೂ ಸರಿಮಾಡಬೇಕೆಂದು ಒದ್ದಾ‌ಡುತ್ತಿದ್ದ ನನಗೆ ಒಂದು ದಿನ ಮಹಾ ಉಪಾಯ ಹೊಳೆಯಿತು. ನೇಮ್ ಸರ್ವರಿನಿಂದ ನನ್ನ ಹೆಸರನ್ನು ಕಿತ್ತು ಮುತ್ತಕ್ಕನ ಹೆಸರಿಟ್ಟರೆ? ನನ್ನ ಎಲ್ಲ ಗಿರಾಕಿಗಳ ತಾಣಗಳ ತಳದಲ್ಲಿ, ಲಾಡ್ಜು, ಬೇಕರಿ, ಸ್ಟುಡಿಯೋ ಎನ್ನದೆ, ಮುತ್ತಕ್ಕ ಒಂದು, ಮುತ್ತಕ್ಕ ಎರಡು ಎಂದು ಬರುತ್ತದೆ. ಲೋಕದ ಯಾವ ಮೂಲೆಯಿಂದ ಯಾರು ದಾರಿ ಕೇಳಿದರೂ ಮುತ್ತಕ್ಕನೇ ಹೇಳಿದ ಹಾಗಾಗುತ್ತದೆ. ಕಣ್ಣು ತುಂಬುವಷ್ಟು ಚಂದದ ಯೋಚನೆ ಎಂದು ನನಗೇ ಅನಿಸಿತು. ಶಿರ್ತಾಡಿ ಬಸ್ಸು ಹತ್ತಿದೆ.

ವಾರಿಜಕ್ಕ ಕಸಿ ಕಟ್ಟುತ್ತಿದ್ದರು, ಆ ದಿನ ತಂದ ಕಡ್ಡಿಗಳಲ್ಲಿ ಬದುಕಿದವು ಚಿಗುರಿದ್ದವು. ನಾನು ಯೋಜನೆಯನ್ನೆಲ್ಲ ವಿವರಿಸಿದೆ. ಅವರು ಕೇಳಿದರು, “ಅದು ಎಲ್ಲಿ ಕಾಣ್ತದೆ?” ಫೋನಿನಲ್ಲಿ ಕುಲಗೋತ್ರದ ಪುಟ ತೆರೆದು, ತಳದವರೆಗೆ ಜಾರಿಸಿ, ಆ ಸಣ್ಣಕ್ಷರವನ್ನು ದೊಡ್ಡದು ಮಾಡಿ ತೋರಿಸಿದೆ. “ಇದನ್ನು ಯಾರು ಓದುವುದು?” ಎಂದರು. ಸುಳ್ಳು ಹೇಳಲಿಲ್ಲ, “ಯಾರೂ ಇಲ್ಲ ಅಕ್ಕ” ಎಂದೆ. ಅವರು ಪ್ಲಾಸ್ಟಿಕ್ ಪಟ್ಟಿಯ ಕೊನೆಯ ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಬಿಗಿದು, ಗಂಟು ಹಾಕಿದ ಮೇಲೆ ಹೇಳಿದರು:

“ಅಮ್ಮನ ಹೆಸರನ್ನು ಹಣ್ಣು ಬಿಡುವಂಥದ್ದಕ್ಕೆ ನಾನೇ ಇಡ್ತೇನೆ. ಯಾರೂ ಓದದ ಜಾಗಕ್ಕೆ ನಿನ್ನ ಹೆಸರೇ ಸಾಕು ಮಾರಾಯ.”